ತಂಬೂರ ಕೆರೆಯ ದಂಡೆಯಲ್ಲಿ ಒಂದು ಸಂಜೆ

ಧಾರವಾಡ ಜಿಲ್ಲೆಯ ನೆಲವು ಒಂದೇ ಬಗೆಯದಲ್ಲ. ಮೂಡಲಿಗೆ ನವಲಗುಂದ, ಅಣ್ಣಿಗೇರಿಗಳ ಎರೆಯ ಹೊಲಗಳು. ಅಲ್ಲಿ ಬಿದ್ದ ಮಳೆಯು ಬೆಣ್ಣಿಹಳ್ಳವನ್ನು ಸೇರಿ, ಮಲಪ್ರಭೆಯ ಮೂಲಕ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಪಡುವಲಿಗೆ ಕಲಘಟಗಿಯ ಸೀಮೆ. ಇಲ್ಲಿಯ ಬೇಡ್ತಿ ನದಿಯು ಕಾಡಿನ ನಡುವೆ ಇಳಿದು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಬಯಲು ಮುಗಿದು ಮಲೆನಾಡು ತೊಡಗುವ ಈ ಅಂಚಿನಲ್ಲಿ ಭತ್ತದ ಗದ್ದೆಗಳೂ ಕೆರೆಗಳೂ ಹೆಚ್ಚು. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿಯನ್ನು ಕಂಡವರು ಆ ತಾಲೂಕಿನ ತಂಬೂರನ್ನೂ ಒಮ್ಮೆ ಕಾಣಬೇಕು. ತಂಬೂರ ಬಸವಣ್ಣನೆಂದರೆ ಸುತ್ತಲಿನ ಹಳ್ಳಿಗಳ ಒಕ್ಕಲು ಮನೆಗಳಿಗೆ ತಮ್ಮ ಮನೆಯ ಹಿರಿಯನಿದ್ದಂತೆ.

ಕಳೆದ ವರ್ಷದ ಕಾರ್ತಿಕದ ಕೊನೆಯ ಸೋಮವಾರ ನಾವು ಆ ಊರಿಗೆ ಹೋಗಿದ್ದೆವು. ಜೊತೆಯಲ್ಲಿ ನಮ್ಮ ತಂಗಿಯ ಮಗನಿದ್ದನು. ಇಪ್ಪತ್ತೆರಡರ ಹರೆಯ, ಮದುವೆ, ಜಾತ್ರೆಗಳ ಚಿತ್ರ ತೆಗೆಯುವುದೇ ಅವನ ಕಾಯಕ. ಆಕಾಶದಿಂದ ಚಿತ್ರ ತೆಗೆಯುವ ಡ್ರೋನ್ ಒಂದು ಅವನ ಚೀಲದಲ್ಲಿತ್ತು. ಅದನ್ನು ಕೊಳ್ಳುವಾಗ ಅವನ ತಾಯಿ ತನ್ನ ಕೈಯ ಬಳೆಗಳೆರಡನ್ನು ಒತ್ತೆಯಿಟ್ಟದ್ದು ನಮಗೆ ತಿಳಿದಿತ್ತು. ಆ ಬಳೆಗಳು ಇನ್ನೂ ಬಿಡುಗಡೆಯಾಗಿರಲಿಲ್ಲ.

ಬಸವಣ್ಣನ ದರ್ಶನವಾದ ಮೇಲೆ ಕೆರೆಯ ದಂಡೆಗೆ ಬಂದೆವು. ಹೊತ್ತು ಇಳಿಮುಖವಾಗಿತ್ತು. ಮೂಡಣ ಗಾಳಿ ನಮ್ಮ ಬೆನ್ನಿಗೆ ತಾಗಿ ನೀರಿನ ಮೇಲೆ ಪಡುವಣಕ್ಕೆ ಹಾಯುತ್ತಿತ್ತು. ಕೆರೆಯ ಪೂರ್ಣ ಚಿತ್ರ ಬೇಕೆಂದು ಹುಡುಗನು ಯಂತ್ರವನ್ನು ಮೇಲಕ್ಕೇರಿಸಿದನು. ಅದು ಗಾಳಿಯ ಜೊತೆಗೆ ಹಗುರವಾಗಿ ತೇಲಿ, ನೋಡನೋಡುತ್ತ ಕೆರೆಯ ನಡುವನ್ನು ದಾಟಿ, ನಮ್ಮ ಕಣ್ಣಿಗೆ ಒಂದು ಕರಿಯ ಚುಕ್ಕೆಯಾಯಿತು. ರಿಮೋಟಿನ ಪರದೆಯು ಸುಮಾರು 500 ಮೀಟರ್ ದೂರವನ್ನು ತೋರಿಸುತ್ತಿತ್ತು.

ಅಷ್ಟರಲ್ಲಿ ರಿಮೋಟು ಪೀಪಿಯಂತೆ ಕೂಗತೊಡಗಿತು. ಬ್ಯಾಟರಿಯಲ್ಲಿ ಶೇ. 25 ಮಾತ್ರ ಉಳಿದಿತ್ತು. “ತಿರುಗಿಸಪಾ ತಮ್ಮಾ” ಎಂದೆವು. “ಇನ್ನೊಂದ ಫೋಟೋ ಅಷ್ಟ, ಮಾವಾರ. ಇನ್ನೂ ಕಾಲು ಪಾಲು ಐತಿ” ಎಂದನು. ಆ ಒಂದು ಚಿತ್ರಕ್ಕೆ ಒಂದೂವರೆ ನಿಮಿಷ ಹಿಡಿಯಿತು. ಅಂಕಿಯು 18ಕ್ಕೆ ಇಳಿದಿತ್ತು.

ಆಗ ಅವನು ‘ಮನೆಗೆ ಮರಳು’ ಎಂಬ ಗುಂಡಿಯನ್ನು ಒತ್ತಿದನು. ಹಾಗೆ ಒತ್ತಿದರೆ ಯಂತ್ರವು ಹೊರಟ ಜಾಗವನ್ನು ನೆನಪಿಟ್ಟು ತಾನೇ ಹಿಂದಿರುಗುತ್ತದೆ. ಆದರೆ ಅದು ನೆಟ್ಟಗೆ ಬರಲಿಲ್ಲ, ಮೊದಲು ಮೇಲಕ್ಕೇರತೊಡಗಿತು. ಹಿಂದೊಮ್ಮೆ ತೋಪಿನಲ್ಲಿ ಹಾರಿಸುವಾಗ ಮರಗಳಿಗೆ ತಾಗದಿರಲೆಂದು ಮರಳುವ ಎತ್ತರವನ್ನು 60 ಮೀಟರಿಗೆ ಇಟ್ಟಿದ್ದನಂತೆ. ಅದು ಹಾಗೆಯೇ ಉಳಿದಿತ್ತು. ಎತ್ತರದಲ್ಲಿ ಗಾಳಿ ಇನ್ನೂ ಬಿರುಸು. ಹೋಗುವಾಗ ಬೆನ್ನು ತಳ್ಳಿದ ಗಾಳಿಯೇ ಈಗ ಎದೆಗೆ ನಿಂತಿತು. ಅವನು ಗುಂಡಿಯನ್ನು ರದ್ದುಮಾಡಿ, ಯಂತ್ರವನ್ನು ಕೆಳಕ್ಕಿಳಿಸಿ ಕೈಯಿಂದಲೇ ನಡೆಸತೊಡಗಿದನು. ಆದರೂ ವೇಗವು ಸೆಕೆಂಡಿಗೆ 3 ಮೀಟರನ್ನು ಮೀರಲಿಲ್ಲ.

ಇಂತಹ ಹೊತ್ತಿನಲ್ಲಿ ಲೆಕ್ಕವೊಂದೇ ಆಸರೆ. “ಪೂರಾ ತುಂಬಿದ್ರ ಎಷ್ಟ ನಿಮಿಷ ಹಾರತೈತಿ?” ಎಂದು ಕೇಳಿದೆವು. ಈ ಗಾಳಿಯಲ್ಲಿ 20 ನಿಮಿಷ ಎಂದನು. ಅಂದರೆ 1200 ಸೆಕೆಂಡು. ನೂರರಲ್ಲಿ ಒಂದು ಪಾಲಿಗೆ 12 ಸೆಕೆಂಡು. ಶೇ. 10ಕ್ಕೆ ಇಳಿದರೆ ಅದು ಯಾರ ಮಾತನ್ನೂ ಕಾಯದೆ ಇದ್ದಲ್ಲಿಯೇ ಇಳಿಯುತ್ತದೆಂದು ಅವನೇ ಹೇಳಿದನು. ಹಾಗಾದರೆ ಕೈಯಲ್ಲಿದ್ದದ್ದು 8 ಪಾಲು, ಎಂದರೆ 96 ಸೆಕೆಂಡು. ಆ ವೇಗದಲ್ಲಿ 300 ಮೀಟರೂ ಸಾಗದು. ಬರಬೇಕಾದ ದಾರಿ 500 ಮೀಟರ್. ಯಂತ್ರವು ನಡುನೀರಿಗೆ ಇಳಿಯುವುದು ನಿಶ್ಚಯವಾಗಿತ್ತು.

ಹುಡುಗನ ಮುಖ ಬಾಡಿತು. ರಿಮೋಟನ್ನು ಹಿಡಿದುಕೊಂಡೇ ಕಾಲಿನಿಂದ ಚಪ್ಪಲಿ ಕಳಚತೊಡಗಿದನು. ಈಜಿಯಾದರೂ ತರುವೆನೆಂಬ ಇಂಗಿತ. ನಮಗೆ ಎದೆ ಝಲ್ಲೆಂದಿತು. ಕೆರೆಗೆ ಇಳಿದು ಮರಳಿ ಬಾರದವರ ಕತೆ ಇಲ್ಲದ ಊರು ಯಾವುದಿದೆ? ಅವನ ರಟ್ಟೆಯನ್ನು ಹಿಡಿದು ಹೇಳಿದೆವು: “ತಮ್ಮಾ, ನೀರಿಗೆ ಇಳೀಬ್ಯಾಡ. ಆಚೀ ದಂಡಿ ಅದಕ್ಕ ಹತ್ರ ಐತಲ್ಲ, ಅಲ್ಲೇ ಇಳಸಬಾರದೇನು?”

ಅವನು ಬೆಚ್ಚಿದವನಂತೆ ನಮ್ಮನ್ನು ನೋಡಿದನು. ಪಡುವಣ ದಂಡೆಯು ಯಂತ್ರಕ್ಕೆ 150 ಮೀಟರಿನಷ್ಟೂ ದೂರವಿರಲಿಲ್ಲ. ಅಲ್ಲಿಗೆ ಗಾಳಿಯೂ ಅನುಕೂಲ. ತಿರುಗಿಸಿದ ಕೂಡಲೇ ಬಾಣದಂತೆ ಹೋಯಿತು. ಪರದೆಯ ಚಿತ್ರದಲ್ಲಿ ಮೊದಲು ನೀರು, ಆಮೇಲೆ ಕೆಸರು, ಹುಲ್ಲು, ಕೊನೆಗೆ ಕೊಯ್ಲು ಮುಗಿದ ಭತ್ತದ ಗದ್ದೆ ಕಂಡವು. ಆ ಕೊಯ್ದ ಗದ್ದೆಯಲ್ಲಿ ಯಂತ್ರ ಕುಳಿತಾಗ ಉಳಿದಿದ್ದದ್ದು ಶೇ. 11.

ಕೆರೆಯನ್ನು ಬಳಸಿಕೊಂಡು ಅಲ್ಲಿಗೆ ನಡೆದು ಹೋಗಲು ಬಹಳ ಹೊತ್ತು ಬೇಕಾಯಿತು. ಗದ್ದೆಯ ಒಡೆಯರು ದನಗಳು ತುಳಿಯದಂತೆ ಯಂತ್ರವನ್ನು ಬುಟ್ಟಿಯ ಕೆಳಗೆ ಮುಚ್ಚಿಟ್ಟು ಕಾಯುತ್ತಿದ್ದರು. ನಮಗೆ ಮಜ್ಜಿಗೆ ಕೊಟ್ಟರು. ಹಾದಿಯುದ್ದಕ್ಕೂ ಹುಡುಗನಿಂದ ನಾವು ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇವೆ. ಇಂದು ನಮ್ಮ ಓದುಗ ಬಂಧುಗಳ ಎಷ್ಟೋ ಮನೆಗಳಲ್ಲಿ ಈ ಯಂತ್ರವು ಮಕ್ಕಳ ಜೀವನೋಪಾಯವಾಗಿದೆ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆ, ಹಿತ್ತಿಲುಗಳ ಅಳತೆಯೂ ಡ್ರೋನಿನಿಂದಲೇ ನಡೆದಿದೆ.

ಮೊದಲನೆಯದು, ನೀರಿನ ಮೇಲೆ ಹಾರಿಸುವಾಗ ಗಾಳಿಗೆ ಎದುರಾಗಿ ಹೊರಟು, ಗಾಳಿಯೊಡನೆ ಮರಳುವುದು ಲೇಸು. ಹೋಗುವ ಸುಖವನ್ನು ನಂಬಿದವನು ಬರುವ ಕಷ್ಟವನ್ನು ಮರೆಯುತ್ತಾನೆ. ಬ್ಯಾಟರಿಯನ್ನು ಮೂರು ಪಾಲು ಮಾಡಿ, ಹೋಗಲು ಒಂದು, ಬರಲು ಒಂದು, ಆಪತ್ತಿಗೆ ಒಂದು ಎಂದು ಇಟ್ಟುಕೊಳ್ಳಬೇಕು.

ಎರಡನೆಯದು, ಎಚ್ಚರಿಕೆ ಕೂಗುವ ಅಂಕಿಯನ್ನು ನಾವೇ ಬದಲಿಸಲು ಅನೇಕ ಯಂತ್ರಗಳಲ್ಲಿ ಅವಕಾಶವಿದೆ. ನೆಲದ ಮೇಲೆ ಶೇ. 25 ಸಾಕಾದೀತು, ಕೆರೆ, ಹೊಳೆ, ಕಡಲುಗಳ ಮೇಲೆ 40ಕ್ಕೆ ಇಡುವುದು ಕ್ಷೇಮ. ಹಳೆಯ ಬ್ಯಾಟರಿಯ ಅಂಕಿಯನ್ನು ನೆಚ್ಚಲಾಗದು. ಎದುರುಗಾಳಿಯಲ್ಲಿ ಎಳೆತ ಹೆಚ್ಚಾದಾಗ ಅದರ ವೋಲ್ಟೇಜು ಫಕ್ಕನೆ ಕುಸಿಯುತ್ತದೆ.

ಮೂರನೆಯದು, ಹಾರಿಸುವ ಮುನ್ನ ಮರಳುವ ಜಾಗವು ಸರಿಯಾಗಿ ದಾಖಲಾಗಿದೆಯೇ, ಮರಳುವ ಎತ್ತರವು ಆ ಸ್ಥಳಕ್ಕೆ ತಕ್ಕದ್ದೇ ಎಂದು ನೋಡಬೇಕು. ದೋಣಿಯಿಂದ ಹಾರಿಸಿದವರಿಗೆ ಇದು ಇನ್ನೂ ಮುಖ್ಯ. ದೋಣಿ ಸರಿದುಹೋದರೆ ಯಂತ್ರವು ಹೊರಟ ಜಾಗದ ಬರಿಯ ನೀರಿಗೇ ಮರಳೀತು.

ನಾಲ್ಕನೆಯದು, ನೀರಿಗೆ ತೀರ ಸಮೀಪ ಹಾರಿಸಬಾರದು. ಯಂತ್ರದ ಹೊಟ್ಟೆಯ ಕೆಳಗಿನ ಕಣ್ಣುಗಳು ನೆಲದ ಗುರುತುಗಳನ್ನು ನೋಡಿ ತಮ್ಮ ನೆಲೆಯನ್ನು ಅರಿಯುತ್ತವೆ. ಅಲೆಯುವ ನೀರು, ಕನ್ನಡಿಯಂತಹ ನೀರು ಅವುಗಳನ್ನು ಮೋಸಗೊಳಿಸುತ್ತದೆ. ಕೊನೆಯ ಗಳಿಗೆಯಲ್ಲಿ ಯಂತ್ರವು ತಾನಾಗಿ ಇಳಿಯತೊಡಗಿದರೆ, ಅನೇಕ ಯಂತ್ರಗಳಲ್ಲಿ ಏರಿಸುವ ಕೋಲನ್ನು ಮೇಲಕ್ಕೆ ಒತ್ತಿ ಹಿಡಿದು ಇಳಿತವನ್ನು ತಡೆಯುತ್ತ, ಹತ್ತಿರದ ದಂಡೆಗೆ ನಡೆಸಬಹುದು. ಅದು ಕೆಲವು ಕ್ಷಣಗಳ ಮಾತು. ಅದನ್ನು ನೆಚ್ಚಿ ಕೂಡಬಾರದು.

ಐದನೆಯದು, ಯಂತ್ರವು ನೀರಿಗೆ ಬಿದ್ದರೆ ಬಿದ್ದ ಸ್ಥಳವನ್ನು ಗುರುತಿಟ್ಟುಕೊಳ್ಳಬೇಕಲ್ಲದೆ ಹಿಂದೆಯೇ ನೀರಿಗೆ ಇಳಿಯಬಾರದು. ಮೇಲೆತ್ತಿದ ಬ್ಯಾಟರಿಯನ್ನು ಒಣಗಿಸಿ ಮತ್ತೆ ಚಾರ್ಜು ಮಾಡುವ ಸಾಹಸವೂ ಬೇಡ. ನೀರು ಕುಡಿದ ಲಿಥಿಯಂ ಬ್ಯಾಟರಿಗೆ ಬೆಂಕಿ ಹೊತ್ತೀತು. ಉಬ್ಬಿದ ಬ್ಯಾಟರಿಯನ್ನೂ ಬಳಸಬಾರದು.

ಕಾಯದೆಯ ಮಾತೂ ಇದೆ. 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳಂತೆ ಹಸಿರು ವಲಯದಲ್ಲಿಯೂ 400 ಅಡಿಯ ಮಿತಿಯಿದೆ. ಹಾರುವ ಮುನ್ನ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ವಲಯವನ್ನು ನೋಡಿಕೊಳ್ಳಬೇಕು. ಯಂತ್ರವು ಕಣ್ಣಿಗೆ ಕಾಣುವಷ್ಟರಲ್ಲಿಯೇ ಇರಬೇಕೆಂಬ ವಿವೇಕವನ್ನು ಆ ಸಂಜೆ ನಾವಿಬ್ಬರೂ ಮೀರಿದ್ದೆವೆಂದು ಒಪ್ಪಿಕೊಳ್ಳುತ್ತೇವೆ. ಹುಡುಗನು ಚಿತ್ರದ ಆಸೆಗೆ ಮೀರಿದನು. ನಾವು ಕುತೂಹಲದಿಂದ ಸುಮ್ಮನಿದ್ದೆವು.

ರಾತ್ರಿ ತಂಗಿಯ ಮನೆಗೆ ಬಂದಾಗ ಹುಡುಗನು ಏನನ್ನೂ ಮುಚ್ಚಿಡದೆ ಎಲ್ಲವನ್ನೂ ತಾಯಿಗೆ ಹೇಳಿದನು. ಚಪ್ಪಲಿ ಕಳಚಿದ್ದನ್ನೂ ಹೇಳಿದನು. ಯಂತ್ರದ ಮಾತು ಬಂದಾಗ ಸುಮ್ಮನೆ ಕೇಳಿಸಿಕೊಂಡ ಆಕೆ, ಆ ಮಾತಿಗೆ ಮಾತ್ರ ರೊಟ್ಟಿ ಬಡಿಯುವ ಕೈಯನ್ನು ನಿಲ್ಲಿಸಿದಳು. “ಬಳಿ ಇಂದಿಲ್ಲ ನಾಳೆ ಬಿಡಿಸ್ಕೋಬಹುದು” ಎಂದಳು. ಮುಂದಿನ ಮಾತನ್ನು ಆಡಲಿಲ್ಲ. ಮಗನ ತಾಟಿಗೆ ಬಿಸಿರೊಟ್ಟಿ ಹಾಕಿದಳು.

ಊಟವಾದ ಮೇಲೆ ಹುಡುಗನು ರಿಮೋಟನ್ನು ತೆಗೆದು, ಎಚ್ಚರಿಕೆಯ ಅಂಕಿಯನ್ನು 40ಕ್ಕೆ ಏರಿಸಿ ನಮಗೆ ತೋರಿಸಿದನು. ಕೆರೆಯ ಚಿತ್ರವನ್ನೂ ತೋರಿಸಿದನು. ಸಂಜೆಯ ಬೆಳಕಿನಲ್ಲಿ ತಂಬೂರ ಕೆರೆ ಚೆಲುವಾಗಿಯೇ ಬಂದಿತ್ತು. ನಮ್ಮ ಕಣ್ಣು ಮಾತ್ರ ಚಿತ್ರದ ಅಂಚಿನಲ್ಲಿದ್ದ ಪಡುವಣ ದಂಡೆಯ ಆ ಕೊಯ್ದ ಗದ್ದೆಯನ್ನು ಹುಡುಕುತ್ತಿತ್ತು.