ಸೊನ್ನೆಯೂ ಉತ್ತರವಾದ ಊರು

ಬಂಗಾರಪೇಟೆಯಲ್ಲಿ ರೈಲು ಮಾರಿಕುಪ್ಪಂ ಕಡೆಗೆ ತಿರುಗಿತೆಂದರೆ ಕಿಟಕಿ ಪಕ್ಕದ ಜಾಗಕ್ಕೆ ಮಕ್ಕಳಲ್ಲಿ ಜಗಳ. ಕೋರಮಂಡಲ್, ಊರ್ಗಾಂ, ಚಾಂಪಿಯನ್ ಎಂದು ನಿಲ್ದಾಣಗಳು ಒಂದೊಂದಾಗಿ ಬರುತ್ತವೆ. ಜೊತೆಗೇ ಹುಲ್ಲು ಹುಟ್ಟದ ಬೂದು ಗುಡ್ಡಗಳು.

‘ಸಾರ್, ಇದೆಂಥ ಬೆಟ್ಟ?’ ಎಂದನೊಬ್ಬ.

ಬೆಟ್ಟವಲ್ಲ. ಅದಿರನ್ನು ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿ. 1880ರ ಸುಮಾರಿಗೆ ದೊಡ್ಡ ಪ್ರಮಾಣದಲ್ಲಿ ಆರಂಭವಾದ ಕೋಲಾರದ ಚಿನ್ನದ ಗಣಿಗಾರಿಕೆ 2001ರಲ್ಲಿ ನಿಂತಿತು. ಗಣಿಯೊಳಗೆ ನಮಗೆ ಪ್ರವೇಶವಿಲ್ಲ. ಆದರೂ ಪ್ರತಿ ವರ್ಷ ಮಕ್ಕಳನ್ನು ಇಲ್ಲಿಗೆ ಕರೆತರುತ್ತೇನೆ. ಚಿನ್ನ ತೋರಿಸುವುದಕ್ಕಲ್ಲ, ಪ್ರಯೋಗವೆಂದರೇನು ಎಂದು ಹೇಳುವುದಕ್ಕೆ.

ಶಾಲೆಯಲ್ಲಿ ನಾವು ‘ಪ್ರಯೋಗ’ ಎನ್ನುವುದರಲ್ಲಿ ಹೆಚ್ಚಿನವು ಪ್ರಾತ್ಯಕ್ಷಿಕೆಗಳು. ಉತ್ತರ ಮೊದಲೇ ಗೊತ್ತಿರುತ್ತದೆ, ಅದನ್ನು ಕಣ್ಣಿಗೆ ಕಾಣಿಸುತ್ತೇವೆ. ಅದು ತಪ್ಪೇನಲ್ಲ, ಪಾಠಕ್ಕೆ ಬೇಕೇ ಬೇಕು. ಆದರೆ ನಿಜವಾದ ಪ್ರಯೋಗದಲ್ಲಿ ಉತ್ತರ ಮಾಡುವವನಿಗೂ ಗೊತ್ತಿರುವುದಿಲ್ಲ.

ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಟನ್ 1950ರ ದಶಕದ ಆರಂಭದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಯುವ ಸಂಶೋಧಕರಾಗಿ ಈ ಗಣಿಗೆ ಇಳಿದರು. ಆಕಾಶದಿಂದ ಬರುವ ವಿಶ್ವಕಿರಣಗಳು ಹುಟ್ಟಿಸುವ ಮ್ಯೂಯಾನ್ ಕಣಗಳು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆ? ಇದು ಪ್ರಶ್ನೆ. ಆಳಕ್ಕೆ ಹೋದಂತೆ ಎಣಿಕೆ ಇಳಿಯುತ್ತಾ ಬಂತು. 1960ರ ದಶಕದ ಮೊದಲಲ್ಲಿ, ಸುಮಾರು 2.7 ಕಿ.ಮೀ. ಆಳದಲ್ಲಿ, ಎರಡು ತಿಂಗಳು ಕಾದರೂ ಒಂದು ಕಣವೂ ಸಿಗಲಿಲ್ಲ.

ನಮ್ಮ ಪ್ರಯೋಗಾಲಯದ ರೆಕಾರ್ಡ್ ಪುಸ್ತಕದಲ್ಲಾದರೆ ‘ಪ್ರಯೋಗ ವಿಫಲ’ ಎಂದು ಬರೆಸುತ್ತಿದ್ದೆವು. ವಿಜ್ಞಾನಿಗಳು ಬೇರೆ ರೀತಿ ಯೋಚಿಸಿದರು. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ನ್ಯೂಟ್ರಿನೊಗಳ ಸುಳಿವು ಹಿಡಿಯಬಹುದಲ್ಲವೇ? ಮೇಲಿನಿಂದ ಬರುವ ಮ್ಯೂಯಾನ್‌ಗಳನ್ನು ಬಂಡೆ ತಡೆಯುತ್ತದೆ. ಹಾಗಾದರೆ ಅಡ್ಡಡ್ಡಲಾಗಿ ಹಾಯುವ ಕಣ ಕಂಡರೆ, ಅದು ಬಂಡೆಯಲ್ಲಿ ನ್ಯೂಟ್ರಿನೊ ಹುಟ್ಟಿಸಿದ್ದೇ ಇರಬೇಕು. 1965ರಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ, ಭಾರತ, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ತಂಡಕ್ಕೆ ಅಂಥ ಕುರುಹು ಸಿಕ್ಕಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಮೊದಲು ಸಿಕ್ಕ ಎರಡು ತಾಣಗಳಲ್ಲಿ ನಮ್ಮ ಕೋಲಾರವೂ ಒಂದು. ಇನ್ನೊಂದು, ಅದೇ ವರ್ಷ, ದಕ್ಷಿಣ ಆಫ್ರಿಕಾದ ಚಿನ್ನದ ಗಣಿ.

ಈ ಕಥೆ ಹೇಳುವಾಗಲೆಲ್ಲ ನನಗೆ ಒಬ್ಬ ಹುಡುಗಿಯ ನೆನಪಾಗುತ್ತದೆ. ತಟ್ಟೆಯ ನೀರಿನಲ್ಲಿ ಮೇಣದಬತ್ತಿ ಹಚ್ಚಿಟ್ಟು ಗಾಜಿನ ಜಾಡಿ ಕವುಚುವ ಪಾಠ ಎಲ್ಲರಿಗೂ ಗೊತ್ತು. ಬತ್ತಿ ಆರುತ್ತದೆ, ನೀರು ಏರುತ್ತದೆ. ‘ಆಮ್ಲಜನಕ ಖರ್ಚಾಯಿತು, ಆದ್ದರಿಂದ ನೀರು ಐದನೇ ಒಂದು ಭಾಗ ಏರಿತು’ ಎಂದು ವರ್ಷಗಟ್ಟಲೆ ಹೇಳಿಕೊಟ್ಟವನು ನಾನು. ಆಕೆ ಮೂರು ಬತ್ತಿ ಇಟ್ಟು ನೋಡಿ, ರೆಕಾರ್ಡಿನಲ್ಲಿ ‘ಮೂರನೇ ಒಂದು ಭಾಗ’ ಎಂದು ಬರೆದಳು. ನಾನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದೆ. ‘ಸಾರ್, ನಾನು ನೋಡಿದ್ದು ಅಷ್ಟೇ’ ಎಂದಳು. ‘ಪುಸ್ತಕದಲ್ಲಿರೋದು ಬರಿಯಮ್ಮ’ ಎಂದೆ.

ಬಹಳ ದಿನ ಕಳೆದ ಮೇಲೆ ಮನೆಯಲ್ಲಿ ನಾನೇ ಮಾಡಿ ನೋಡಿದೆ. ಜಾಡಿ ಅದೇ, ಅದರೊಳಗಿನ ಆಮ್ಲಜನಕವೂ ಅಷ್ಟೇ, ಬತ್ತಿ ಹೆಚ್ಚಿದಂತೆ ನೀರು ಮಾತ್ರ ಹೆಚ್ಚು ಏರುತ್ತದೆ. ಅದೂ ಹೆಚ್ಚಾಗಿ ಏರುವುದು ಬತ್ತಿ ಆರುವ ಹೊತ್ತಿಗೆ. ಬಿಸಿಯಿಂದ ಹಿಗ್ಗಿದ ಗಾಳಿ ಗುಳ್ಳೆಗಳಾಗಿ ಹೊರಬೀಳುತ್ತದೆ. ಉಳಿದದ್ದು ತಣ್ಣಗಾಗಿ ಕುಗ್ಗಿದಾಗ ನೀರು ಒಳನುಗ್ಗುತ್ತದೆ. ಮುಖ್ಯ ಕಾರಣ ಅದು. ತಪ್ಪಿದ್ದು ಆ ಹುಡುಗಿಯಲ್ಲ, ನಾನು. ನಾನು ತೋರಿಸಿದ್ದು ಪ್ರಾತ್ಯಕ್ಷಿಕೆ, ಅವಳು ಮಾಡಿದ್ದು ಪ್ರಯೋಗ. ಅದನ್ನು ಅವಳಿಗೆ ಹೇಳುವಷ್ಟರಲ್ಲಿ ಅವಳು ಶಾಲೆ ಬಿಟ್ಟು ಹೋಗಿದ್ದಳು.

ತಂದೆತಾಯಿಗಳಲ್ಲಿ ನನ್ನದೊಂದು ವಿನಂತಿ. ಮಗುವಿನ ರೆಕಾರ್ಡಿನಲ್ಲಿ ಉತ್ತರ ಪುಸ್ತಕದಂತೆ ಬರದಿದ್ದರೆ ಪಕ್ಕದವರದ್ದನ್ನು ನೋಡಿ ಬರೆಯಲು ಹೇಳಬೇಡಿ. ಮತ್ತೊಮ್ಮೆ ಮಾಡಿ ನೋಡು ಎನ್ನಿ. ಆಗಲೂ ಅದೇ ಬಂದರೆ ಅದನ್ನೇ ಬರೆಯಲಿ. ಒಂದೆರಡು ಅಂಕ ಹೋದರೆ ಹೋಗಲಿ.

ಸಂಜೆ ಹಿಂತಿರುಗುವ ರೈಲಿನಲ್ಲಿ ಬೆಳಗಿನ ಹುಡುಗ ಬಂದು ಪಕ್ಕದಲ್ಲಿ ಕುಳಿತ.

‘ಸಾರ್, ನಾಳೆ ನಾಲ್ಕು ಮೇಣದಬತ್ತಿ ತರಲಾ? ನೀರು ಎಷ್ಟು ಏರುತ್ತೆ?’

‘ತಗೊಂಡು ಬಾಪ್ಪಾ, ನೋಡಿ ಬರೆಯೋಣ’ ಎಂದೆ.