ಬೆಳಕೂ ತಳ್ಳುತ್ತದೆ

ಮನೆಗೆಲಸದಲ್ಲಿ ಎರಡು ಬಗೆ. ಹಾಲು ಉಕ್ಕಿ ಚೆಲ್ಲಿದ ಮೇಲೆ ಒಲೆ ಒರೆಸುವುದು ಒಂದು. ಉಕ್ಕುವ ಮೊದಲೇ ಉರಿ ತಗ್ಗಿಸುವುದು ಇನ್ನೊಂದು. ಮೊದಲನೆಯದು ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ, ‘ಪಾಪ, ಎಷ್ಟು ಕೆಲಸ’ ಅನ್ನುವವರೂ ಸಿಗುತ್ತಾರೆ. ಎರಡನೆಯದಕ್ಕೆ ಸಾಕ್ಷಿಯೇ ಇಲ್ಲ. ಮಂಚದ ಅಂಚಿಗೆ ಉರುಳಿದ ಮಗುವನ್ನು ಒಳಕ್ಕೆ ಸರಿಸಿದ್ದಕ್ಕೆ, ಜಗುಲಿಯ ತುದಿಯಲ್ಲಿದ್ದ ಬಿಂದಿಗೆಯನ್ನು ಗೋಡೆಯ ಕಡೆ ತಳ್ಳಿದ್ದಕ್ಕೆ ಯಾರು ಲೆಕ್ಕ ಇಡುತ್ತಾರೆ, ನೀವೇ ಹೇಳಿ. ಈ ಎರಡನೆಯ ಬಗೆಯ ಕೆಲಸವನ್ನು ಆಕಾಶದಲ್ಲೂ ಮಾಡಲು ಹೊರಟವರಿದ್ದಾರೆಂದು ಓದಿದಾಗ ನನಗೆ ಅವರು ನಮ್ಮವರೇ ಅನ್ನಿಸಿತು. ಅದೂ ನೆಲದ ಮೇಲೆ ನಿಂತು, ಬರೀ ಬೆಳಕಿನಿಂದ!

ಆಕಾಶದಲ್ಲಿ ಕಸವೇ ಎಂದು ಹುಬ್ಬೇರಿಸಬೇಡಿ. 1957ರಲ್ಲಿ ಸ್ಪುಟ್ನಿಕ್ ಹಾರಿದಂದಿನಿಂದ ಮನುಷ್ಯ ಮೇಲಕ್ಕೆ ಕಳಿಸಿದ್ದೆಲ್ಲ ಕೆಳಗೆ ಬಂದಿಲ್ಲ. ಆಯುಸ್ಸು ಮುಗಿದ ಉಪಗ್ರಹ, ಖಾಲಿಯಾದ ರಾಕೆಟ್ಟಿನ ಒಡಲು, ಬೋಲ್ಟು, ಬಣ್ಣದ ಚಕ್ಕೆ ಎಲ್ಲವೂ ಸುತ್ತುತ್ತಲೇ ಇವೆ. ಒಂದು ಸೆಂಟಿಮೀಟರಿಗಿಂತ ದೊಡ್ಡ ಚೂರುಗಳೇ ಸುಮಾರು 12 ಲಕ್ಷ ಎಂದು ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಅಂದಾಜು. ಗಂಟೆಗೆ 28,000 ಕಿಲೋಮೀಟರಿನ ಆಸುಪಾಸಿನ ಆ ವೇಗದಲ್ಲಿ ಹುಣಿಸೆ ಬೀಜದಷ್ಟು ಚೂರು ಬಡಿದರೂ ಗುಂಡಿನೇಟೇ. 2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ, ಸುಮಾರು 790 ಕಿ.ಮೀ. ಎತ್ತರದಲ್ಲಿ, ಅಮೆರಿಕದ ಇರಿಡಿಯಂ ಕಂಪನಿಯ ದುಡಿಯುತ್ತಿದ್ದ ಉಪಗ್ರಹವೂ ರಷ್ಯದ ಸತ್ತ ಕಾಸ್ಮೋಸ್ ಉಪಗ್ರಹವೂ ಡಿಕ್ಕಿ ಹೊಡೆದವು. ಲೆಕ್ಕಕ್ಕೆ ಸಿಕ್ಕ ಚೂರುಗಳೇ ಎರಡು ಸಾವಿರಕ್ಕೂ ಹೆಚ್ಚು. ಚೂರಿನಿಂದ ಚೂರು ಹುಟ್ಟುತ್ತ ಹೋದರೆ ಮುಂದೊಂದು ದಿನ ಆ ದಾರಿಗಳೇ ಬಳಕೆಗೆ ಬಾರದಂತಾದಾವು ಎಂದು ನಾಸಾದ ಡೊನಾಲ್ಡ್ ಕೆಸ್ಲರ್ ಮತ್ತು ಅವರ ಸಹೋದ್ಯೋಗಿ 1978ರಲ್ಲೇ ಎಚ್ಚರಿಸಿದ್ದರು. ಹಾಗಾದರೆ ಕಡಲಿನ ಗಾಳಿ ಅಳೆಯುವ, ಬೆಳೆ ಎಷ್ಟಿದೆಯೆಂದು ನೋಡುವ ಉಪಗ್ರಹಗಳಿಗೆ ಜಾಗವೆಲ್ಲಿ?

ನಮ್ಮ ಬೀದಿಗೆ ಆಕಾಶದ ಕಸದ ಪರಿಚಯವಾದದ್ದು 1979ರಲ್ಲಿ. ಸ್ಕೈಲ್ಯಾಬ್ ತಲೆಯ ಮೇಲೇ ಬೀಳುತ್ತದಂತೆ ಎಂಬ ಗುಲ್ಲು. ನಾನಾಗ ಹೈಸ್ಕೂಲು ಹುಡುಗಿ. ಪಕ್ಕದ ಮನೆಯ ಅಜ್ಜಿ ‘ಬೀಳೋದಿದ್ರೆ ಬೀಳ್ಲಿ, ತಿಂದಾದ್ರೂ ಹೋಗೋಣ’ ಎಂದು ಹಬ್ಬವಿಲ್ಲದ ದಿನ ಹೋಳಿಗೆ ತಟ್ಟಿದ್ದರು. ಜುಲೈ 11ರಂದು ಅದು ಚೂರಾಗಿ ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಊರಿನ ಸುತ್ತಮುತ್ತಲೂ ಬಿತ್ತು, ಯಾರಿಗೂ ಪೆಟ್ಟಾಗಲಿಲ್ಲ. ಆ ಊರಿನ ಆಡಳಿತದವರು ಕಸ ಚೆಲ್ಲಿದ್ದಕ್ಕೆಂದು ನಾಸಾಗೆ ತಮಾಷೆಯಾಗಿ 400 ಡಾಲರ್ ದಂಡ ಹಾಕಿದರು. ಮೂವತ್ತು ವರ್ಷ ಯಾರೂ ಕಟ್ಟಲಿಲ್ಲ. ಕಡೆಗೆ 2009ರಲ್ಲಿ ಅಮೆರಿಕದ ರೇಡಿಯೋ ನಿರೂಪಕರೊಬ್ಬರು ಮುಂದೆ ಬಂದು ತೀರಿಸಿದರು. ಚೆಲ್ಲಿದವರೊಬ್ಬರು, ತೆತ್ತವರೊಬ್ಬರು. ಇದು ನಮಗೇನು ಹೊಸತೇ?

ಇನ್ನು ಲೇಸರ್ ವಿಷಯ. ಆ ಹೆಸರು ಕೇಳಿದೊಡನೆ ನನ್ನ ಕಣ್ಣ ಮುಂದೆ ಬಂದದ್ದು ಪುರಾಣದ ಧಾರಾವಾಹಿಗಳ ಅಸ್ತ್ರ. ಇಂಜಿನಿಯರಿಂಗ್ ಓದಿದ ತಂಗಿಯ ಮಗಳು ನಕ್ಕಳು. “ಇದು ಸುಡೋ ಲೇಸರ್ ಅಲ್ಲ ದೊಡ್ಡಮ್ಮ, ತಳ್ಳೋದು. ಬೆಳಕೂ ತಳ್ಳುತ್ತೆ.” ಎಷ್ಟು ತಳ್ಳುತ್ತದೆ ಅಂತೀರಿ? ಬಾಹ್ಯಾಕಾಶದಲ್ಲಿ ಒಂದು ಚದರ ಮೀಟರಿನ ಕಪ್ಪು ಹಾಳೆಯ ಮೇಲೆ ಬಿಸಿಲಿನ ಒತ್ತಡ ಅರ್ಧ ಮಿಲಿಗ್ರಾಂ ತೂಕದಷ್ಟೂ ಇಲ್ಲ. ಆದರೂ 2010ರಲ್ಲಿ ಜಪಾನಿನವರು ಇಕಾರೋಸ್ ಎಂಬ ನೌಕೆಗೆ ಪಟ ಕಟ್ಟಿ, ಬಿಸಿಲಿನ ತಳ್ಳುವಿಕೆಯಿಂದಲೇ ಅದನ್ನು ಸಾಗಿಸಿ ತೋರಿಸಿದರು.

2011ರಲ್ಲಿ ನಾಸಾದ ಏಮ್ಸ್ ಕೇಂದ್ರದ ಜೇಮ್ಸ್ ಮೇಸನ್ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದು ಇದನ್ನೇ. 5 ಕಿಲೋವ್ಯಾಟಿನ ಲೇಸರು, ಒಂದೂವರೆ ಮೀಟರಿನ ದೂರದರ್ಶಕ. ನಮ್ಮ ಬಚ್ಚಲಿನ ಗೀಸರ್ 2 ಕಿಲೋವ್ಯಾಟಿನದು. ಅಂದರೆ ಎರಡೂವರೆ ಗೀಸರಿನ ಶಕ್ತಿ! ಚೂರು ನೆತ್ತಿಯ ಮೇಲೆ ಹಾಯುವ ಕೆಲವು ನಿಮಿಷ ಅದರ ಮೇಲೆ ಬೆಳಕು ಹಿಡಿಯಬೇಕು; ಮತ್ತೆ ಬಂದಾಗ ಮತ್ತೆ. ವೇಗ ಸೆಕೆಂಡಿಗೆ ಒಂದು ಮಿಲಿಮೀಟರಿನಷ್ಟು ಬದಲಾದರೂ ಸಾಕು, ಸುತ್ತು ಸುತ್ತಿಗೂ ವ್ಯತ್ಯಾಸ ಕೂಡುತ್ತ ಒಂದು ದಿನದಲ್ಲಿ ಆ ಚೂರು ಇರಬೇಕಾದ ಜಾಗದಿಂದ 250 ಮೀಟರಿನಷ್ಟು ಸರಿದಿರುತ್ತದೆ. ಬದುಕಿರುವ ಉಪಗ್ರಹ ಇಂಧನ ಸುಟ್ಟು ತಾನೇ ಪಕ್ಕಕ್ಕೆ ಸರಿಯಬಲ್ಲದು. ಎದುರುಬದುರಾಗುವ ಎರಡೂ ಸತ್ತವಾದರೆ? ಆಗ ಹೊರಗಿನಿಂದ ಯಾರಾದರೂ ಸರಿಸಲೇಬೇಕು.

ಇದು ಇನ್ನೂ ನಿತ್ಯದ ಬಳಕೆಗೆ ಬಂದಿಲ್ಲ. ಟನ್ನುಗಟ್ಟಲೆ ತೂಗುವ ರಾಕೆಟ್ಟಿನ ಒಡಲು ಇಂಥ ಬೆಳಕಿಗೆ ಜಗ್ಗದು. ಹಗುರವಾಗಿ ಅಗಲವಾಗಿರುವ ಚೂರುಗಳಷ್ಟೇ ಮಾತು ಕೇಳುತ್ತವೆ. ಸರಿಸಿದ ಕಸ ಅಲ್ಲೇ ಇರುತ್ತದೆ, ಡಿಕ್ಕಿಯೊಂದು ತಪ್ಪುತ್ತದೆ, ಅಷ್ಟೆ. ಇನ್ನೊಂದು ತೊಡಕಿದೆ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಮೇಲೆ ಹಾರಿಸಿದ ವಸ್ತು ಸತ್ತ ಮೇಲೂ ಅದರ ಒಡೆಯರದೇ. ಪಕ್ಕದ ಮನೆಯ ಕಸವಾದರೂ ಕೇಳದೆ ಮುಟ್ಟುವಂತಿಲ್ಲ! ಇಂದು ಚೂರನ್ನು ಸರಿಸುವ ಬೆಳಕು ನಾಳೆ ಎದುರಾಳಿಯ ಉಪಗ್ರಹದ ಕಣ್ಣು ಕುಕ್ಕುವುದಿಲ್ಲವೆಂದು ನಂಬುವುದು ಹೇಗೆ? ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. 2007ರಲ್ಲಿ ಚೀನಾ ತನ್ನದೇ ಹವಾಮಾನ ಉಪಗ್ರಹವನ್ನು ಕ್ಷಿಪಣಿಯಿಂದ ಒಡೆದು ಮೂರು ಸಾವಿರಕ್ಕೂ ಹೆಚ್ಚು ಚೂರು ಮಾಡಿತು. 2019ರ ಮಾರ್ಚ್ 27ರಂದು ನಾವೂ ನಮ್ಮದೊಂದನ್ನು ಒಡೆದೆವು. ಸುಮಾರು 300 ಕಿ.ಮೀ. ಎತ್ತರವಾದ್ದರಿಂದ ಹೆಚ್ಚಿನ ಚೂರುಗಳು ಬೇಗ ಉರಿದುಹೋದವು. ಮೇಲಕ್ಕೆ ಚಿಮ್ಮಿದ ಕೆಲವು ಬಹಳ ದಿನ ಸುತ್ತಿದವು. ಒಡೆಯುವುದು ಕ್ಷಣದ ಕೆಲಸ, ಹೆಸರೂ ಬರುತ್ತದೆ.

ನಮ್ಮ ಬೆಂಗಳೂರಿನಲ್ಲೂ ಈ ಕಾವಲು ನಡೆಯುತ್ತಿದೆ. ಉಪಗ್ರಹಗಳ ಹತ್ತಿರ ಯಾವ ಚೂರು ಬರುತ್ತಿದೆಯೆಂದು ನೋಡಲು ಇಸ್ರೋ 2022ರಲ್ಲಿ ಒಂದು ಕೇಂದ್ರವನ್ನೇ ತೆರೆಯಿತು. ಅಲ್ಲಿ ಲೇಸರ್ ತಳ್ಳಾಟವಿಲ್ಲ, ನೋಡುವುದು, ಲೆಕ್ಕ ಹಾಕುವುದು, ಮುಂಚಿತವಾಗಿ ಹೇಳುವುದು. 2023ರ ಜುಲೈ 14ರಂದು ಚಂದ್ರಯಾನ-3 ಹಾರಿದ್ದನ್ನು ನಾವೆಲ್ಲ ಊಟದ ತಟ್ಟೆ ಬದಿಗಿಟ್ಟು ಟೀವಿಯಲ್ಲಿ ನೋಡಿದೆವು. ದಾರಿಯಲ್ಲಿ ಯಾವುದೋ ವಸ್ತು ತೀರ ಹತ್ತಿರ ಹಾಯುವುದಿತ್ತೆಂದು ರಾಕೆಟ್ಟನ್ನು ಅಂದು 4 ಸೆಕೆಂಡು ತಡೆದು ಹಾರಿಸಿದ್ದರಂತೆ. ಆ 4 ಸೆಕೆಂಡು ನಮ್ಮಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಚಪ್ಪಾಳೆಯೆಲ್ಲ ರಾಕೆಟ್ಟಿಗೇ ಹೋಯಿತು. ಲೆಕ್ಕ ಹಾಕಿ ‘ಸ್ವಲ್ಪ ತಾಳಿ’ ಎಂದವರು ಮಾತ್ರ ಆಗಲೇ ಮುಂದಿನ ಚೂರಿನ ಲೆಕ್ಕಕ್ಕೆ ಕೂತಿರಬೇಕು.