ಮಾಷ್ಟ್ರು ಹೇಳಿದ ಕಥೆ, ನಾನು ನೋಡಿದ ಚಿತ್ರ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ಮೊದಲು ನೆನಪಾದುದು ಒಂದು ಇಂಗ್ಲಿಷ್ ಚಲನಚಿತ್ರ. ಅದರ ವಿಷಯದಲ್ಲಿ ನಮ್ಮ ಕನ್ನಡ ಮಾಷ್ಟ್ರಿಗೆ ನಾನು ಹೇಳಿದ ಸುಳ್ಳು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ.

ಅದು ಆಟಿ ತಿಂಗಳ ಒಂದು ಮಧ್ಯಾಹ್ನ. ಹೆಂಚಿನ ಮೇಲೆ ಸುರಿಯುವ ಮಳೆಯ ಅಬ್ಬರಕ್ಕೆ ಪಾಠ ಕೇಳಿಸುವಂತಿರಲಿಲ್ಲ. ಮಾಷ್ಟ್ರು ಪುಸ್ತಕ ಮುಚ್ಚಿ, ಬೆಂಚುಗಳ ನಡುವೆ ಬಂದು ನಿಂತು, ತಾವು ಮದರಾಸಿನಲ್ಲಿ ನೋಡಿದ್ದ ಆಲ್ಫ್ರೆಡ್ ಹಿಚ್‌ಕಾಕ್ ಅವರ ‘ಸೈಕೋ’ ಚಿತ್ರದ ಕಥೆಯನ್ನು ಹೇಳತೊಡಗಿದರು. 40,000 ಡಾಲರ್ ಕದ್ದು ಊರು ಬಿಡುವ ಮೇರಿಯನ್, ಮಳೆಯ ರಾತ್ರಿ ಅವಳು ತಂಗುವ ನಿರ್ಜನ ವಸತಿಗೃಹ, ಅದನ್ನು ನಡೆಸುವ ಸೌಮ್ಯ ಸ್ವಭಾವದ ತರುಣ ನಾರ್ಮನ್, ಸ್ನಾನದ ಕೋಣೆಯ ಕೊಲೆ, ಎಲ್ಲವೂ ನಮ್ಮ ಕಣ್ಣೆದುರೇ ನಡೆದಂತಾಯಿತು. ಕೊನೆಗೆ ನೆಲಮಾಳಿಗೆಯ ಕುರ್ಚಿ ತಿರುಗಿದಾಗ ಕಾಣುವುದೇನೆಂಬುದನ್ನೂ ಹೇಳಿಬಿಟ್ಟರು. ಆ ರಾತ್ರಿ ಒಬ್ಬನೇ ಬಚ್ಚಲಮನೆಗೆ ಹೋಗುವ ಧೈರ್ಯ ನನಗಾಗಲಿಲ್ಲ.

1991ರಲ್ಲಿ ಮಂಗಳೂರಿನ ಮಿತ್ರರೊಬ್ಬರ ಮನೆಯಲ್ಲಿ ಆ ಚಿತ್ರದ ವಿಡಿಯೋ ಕ್ಯಾಸೆಟ್ ನೋಡುವ ಯೋಗ ಒದಗಿತು. ನಿರಾಶೆಯಾಯಿತೆನ್ನಲು ಈಗ ಸಂಕೋಚವಿಲ್ಲ. ಮಾಷ್ಟ್ರ ಮಾತಿನಲ್ಲಿ ಕೆಂಪಾಗಿ ಹರಿದಿದ್ದ ನೀರು ಕಪ್ಪುಬಿಳುಪಿನ ಪರದೆಯಲ್ಲಿ ಬರಿಯ ಕಪ್ಪಾಗಿತ್ತು. ಒಂದು ಪೀರಿಯಡ್ ಪೂರ್ತಿ ನಮ್ಮನ್ನು ನಡುಗಿಸಿದ್ದ ಕೊಲೆ ಒಂದು ನಿಮಿಷದೊಳಗೆ ಮುಗಿಯಿತು. ಅದನ್ನು ಚಿತ್ರೀಕರಿಸಲು 7 ದಿನ ಹಿಡಿದಿತ್ತೆಂದು ಆಮೇಲೆ ಓದಿ ತಿಳಿದೆ. ಕುರ್ಚಿ ತಿರುಗಿದಾಗ, ಉತ್ತರ ಮೊದಲೇ ನೋಡಿಕೊಂಡು ಲೆಕ್ಕ ಮಾಡಿದವನಂತೆ ಸುಮ್ಮನೆ ಕುಳಿತಿದ್ದೆ. ಅದಾದ ಮೇಲೆ ಮನೋವೈದ್ಯನೊಬ್ಬ ಬಂದು ಎಲ್ಲವನ್ನೂ ವಿವರಿಸಿದ್ದಂತೂ ಗೈಡ್ ಪುಸ್ತಕದ ಟಿಪ್ಪಣಿಯಂತೆ ಕೇಳಿಸಿತು.

ರಜೆಯಲ್ಲಿ ಊರಿಗೆ ಬಂದಾಗ ಬಸ್ ನಿಲ್ದಾಣದಲ್ಲಿ ಮಾಷ್ಟ್ರು ಸಿಕ್ಕಿದರು. “ಚಿತ್ರ ನೋಡಿದೆಯಂತೆ, ಹೇಗಿತ್ತು?” ಎಂದರು.

“ಅದ್ಭುತವಾಗಿತ್ತು ಮಾಷ್ಟ್ರೇ” ಎಂದುಬಿಟ್ಟೆ. ಅವರ ಮುಖವರಳಿತು. ಕಂಠಪಾಠ ಮಾಡಿದ ವಿಮರ್ಶಕರ ಅಭಿಪ್ರಾಯವನ್ನು ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಕಳೆದು, “ನಿನಗೆ ಅನ್ನಿಸಿದ್ದೇನು?” ಎಂದು ಅಂಚಿನಲ್ಲಿ ಕೇಳುತ್ತಿದ್ದವರು ಅವರೇ.

ನಮ್ಮ ಕುಂಬಳೆ ಸೀಮೆ ಪಾರ್ತಿಸುಬ್ಬನ ನಾಡು. ವಾಲಿ ಸಾಯುವನೆಂದು ತಿಳಿದೇ ತಾಳಮದ್ದಳೆಗೆ ಹೋಗುವವರು ನಾವು. ವಾಲಿ ರಾಮನನ್ನು ಇಂದು ಏನು ಕೇಳುತ್ತಾನೆ ಎಂಬುದೇ ಅಲ್ಲಿನ ಕುತೂಹಲ. ಹಾಗಾದರೆ ಗೊತ್ತಿದ್ದ ಕಥೆಯ ಚಿತ್ರ ಏಕೆ ಸಪ್ಪೆಯಾಯಿತು? ಈ ಚಿತ್ರ ಗುಟ್ಟನ್ನೇ ನೆಚ್ಚಿಕೊಂಡಿದೆ. 1960ರಲ್ಲಿ ಅದು ತೆರೆಕಂಡಾಗ, ಪ್ರದರ್ಶನ ಆರಂಭವಾದ ಮೇಲೆ ಯಾರನ್ನೂ ಒಳಬಿಡಕೂಡದೆಂದು ಹಿಚ್‌ಕಾಕ್ ಪಟ್ಟು ಹಿಡಿದಿದ್ದರು. ನಾನು ಆ ಗುಟ್ಟಿನ ಭಯವನ್ನು ಶಾಲೆಯ ಬೆಂಚಿನ ಮೇಲೆಯೇ ಅನುಭವಿಸಿ ಮುಗಿಸಿದ್ದೆ.

ಎಷ್ಟೋ ವರ್ಷಗಳ ನಂತರ, ಏನನ್ನೂ ನಿರೀಕ್ಷಿಸದೆ ಅದನ್ನು ಮತ್ತೆ ನೋಡಿದೆ. ಹುಲ್ಲು ತುಂಬಿ ನಿಲ್ಲಿಸಿದ ಹಕ್ಕಿಗಳ ನಡುವೆ ನಾರ್ಮನ್ ಮೇರಿಯನ್‌ಳೊಡನೆ ಆಡುವ ಮಾತುಗಳಲ್ಲಿನ ಒಂಟಿತನ ಆಗ ಕಿವಿಗೆ ಬಿತ್ತು. ಅವಳ ಕಾರು ಜೌಗಿನಲ್ಲಿ ಮುಳುಗುತ್ತ ಒಂದು ಕ್ಷಣ ನಿಂತಾಗ, ಅದು ಮುಳುಗಲಿ ಎಂದು ನಾನೇ ಬಯಸಿದೆ! ಅಪರಾಧವನ್ನು ಮುಚ್ಚುವವನ ಪಕ್ಷ ವಹಿಸಿದ್ದೆನಲ್ಲ ಎಂದು ಬೆಚ್ಚಿದೆ. ಇದು ಮಾಷ್ಟ್ರ ಕಥೆಯಲ್ಲಿರಲಿಲ್ಲ. ಮನೋವೈದ್ಯನ ಭಾಷಣ ಮಾತ್ರ ಈಗಲೂ ರುಚಿಸದು.

ಇಷ್ಟನ್ನೂ ಹೇಳೋಣವೆಂದರೆ ಆ ವೇಳೆಗೆ ಮಾಷ್ಟ್ರು ತೀರಿಕೊಂಡಿದ್ದರು. ಅಂದು ನಿಜ ಹೇಳಿದ್ದರೆ ಅವರು ನೊಂದುಕೊಳ್ಳುತ್ತಿರಲಿಲ್ಲ. ಬಸ್ಸು ತಪ್ಪಿದರೂ ಸರಿಯೆಂದು ಅಲ್ಲಿಯೇ ನಿಂತು ವಾದಕ್ಕಿಳಿಯುತ್ತಿದ್ದರು. ಆ ವಾದವನ್ನು ನಾನು ಕಳೆದುಕೊಂಡೆ.

ಚಿತ್ರ ನೋಡದ ಕಿರಿಯರು ಇದನ್ನು ಓದುತ್ತಿರಬಹುದು. ಆದುದರಿಂದ ಕುರ್ಚಿಯ ಗುಟ್ಟನ್ನು ಇಲ್ಲಿ ಬರೆದಿಲ್ಲ. ನೋಡಿದ ಮೇಲೆ ನಿಮಗೆ ಅನ್ನಿಸಿದ್ದನ್ನು, ಅದು ನಿರಾಶೆಯೇ ಆಗಿರಲಿ, ನಿಮ್ಮ ಅಧ್ಯಾಪಕರಿಗೆ ಅಳುಕದೆ ಹೇಳಿ.